ಮೆಟ್ಟಿಲ ಮೇಲಿನ ಸಿಗ್ನಲ್ಲು

ಮಾಡಿದ್ದುಣ್ಣೋ ಮಹಾರಾಯ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ. ಆದರೆ ನಮ್ಮ ಪವರಯ್ಯ ಮಾಡಿದ್ದು ಒಳ್ಳೆಯದನ್ನೇ, ಅದೂ ಮನೆಮಂದಿಗೆಲ್ಲ ಸಮನಾಗಿ ಹಂಚಿ ಮಾಡಿದ್ದು. ಉಣ್ಣುವ ಹೊತ್ತಿಗೆ ಮಾತ್ರ ತಟ್ಟೆಯ ಮುಂದೆ ಅವನೊಬ್ಬನೇ ಉಳಿದ.

ಪವರಯ್ಯನಿಗೆ ಬೇರೆ ಹೆಸರೊಂದು ಇದೆ. ಅದನ್ನು ಬ್ಯಾಂಕಿನವರು ಬಿಟ್ಟರೆ ಯಾರೂ ಬಳಸುವುದಿಲ್ಲ. ಅವನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಬೀದಿಯಲ್ಲಿ ಯಾರೇ ಎದುರಾದರೂ ಚೆನ್ನಾಗಿದ್ದೀರಾ ಅಂತ ಕೇಳುವ ಮೊದಲು "ಪವರು ಚೆಕ್ ಮಾಡಿಸಿ ಎಷ್ಟು ದಿನ ಆಯ್ತು?" ಅಂತ ಕೇಳುವ ಚಾಳಿ. ದಿನವಿಡೀ ಗಿರಾಕಿಗಳ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತ "ಮೊದಲನೇದು ಚೆನ್ನಾಗಿದೆಯಾ, ಎರಡನೇದಾ?" ಅಂತ ಕೇಳೀ ಕೇಳೀ ಅದು ನಾಲಿಗೆಗೇ ಅಂಟಿಕೊಂಡಿತ್ತು. ಹೆಂಡತಿ ಕಿಟಕಿಗೆ ಹಾಕಲು ಎರಡು ಪರದೆ ಹಿಡಿದು ಯಾವುದು ಅಂತ ಕೇಳಿದರೆ ಇವನು ತಿರುಗಿ ಅವಳನ್ನೇ ಅದನ್ನು ಕೇಳುತ್ತಿದ್ದ. ಅವಳು ಎರಡನ್ನೂ ಬೀರುವಿನೊಳಗೆ ತುರುಕಿ ಕಿಟಕಿಯನ್ನು ಬೋಳಾಗಿ ಬಿಟ್ಟಿದ್ದಳು.

ಅವರದು ನಿಂತ ಬೆಂಕಿಪೆಟ್ಟಿಗೆಯ ಹಾಗಿರುವ ಮೂರಂತಸ್ತಿನ ಮನೆ. ಕೆಳಗೆ ಅಣ್ಣ, ಅತ್ತಿಗೆ. ಮಧ್ಯದಲ್ಲಿ ಪವರಯ್ಯ, ಅವನ ಹೆಂಡತಿ. ಮೇಲೆ ಕಾಲೇಜಿಗೆ ಹೋಗುವ ಮಗಳ ಕೋಣೆ, ಅದರಾಚೆ ಟೆರೇಸು. ಅಣ್ಣ ಡ್ರೈವಿಂಗ್ ಕಲಿಸುವವನು. ಜನರನ್ನು ಪಕ್ಕದಲ್ಲಿ ಕೂತು ಬೈದೂ ಬೈದೂ ಅವನ ಗಂಟಲು ಹಾರನ್ನಿನ ಮಟ್ಟಕ್ಕೆ ಬಂದಿತ್ತು. ಇಷ್ಟಾದರೂ ಆ ಗಂಟಲಿನಿಂದ ತಮ್ಮನ ಕಡೆಗೆ ಒಂದು ಮಾತು ಹೊರಟು ವರ್ಷಗಳೇ ಕಳೆದಿದ್ದವು.

ಜಗಳಕ್ಕೆ ಕಾರಣ ಮೆಟ್ಟಿಲ ಗೋಡೆಯ ಬಣ್ಣ. ಹಳದಿ ಬಳಿಸೋಣ, ಕಣ್ಣಿಗೆ ಬೆಳಕು ಅಂದ ಪವರಯ್ಯ. ಹಳದಿ ಅಂದರೆ ನಿಲ್ಲುವುದಕ್ಕೆ ರೆಡಿಯಾಗು ಅಂತ ಅರ್ಥ, ಮನೆಗೆ ಬಂದವರಿಗೆ ಹಾಗೆ ಹೇಳ್ತಾರೇನೋ, ಹಸಿರು ಬಳಿಸು ಅಂದ ಅಣ್ಣ. ಮಾತಿಗೆ ಮಾತು ಬೆಳೆಯಿತು. "ನಿನ್ನ ಕಣ್ಣಿಗೆ ಪೊರೆ ಬಂದಿದೆ" ಅಂದ ಇವನು. "ನಿನ್ನ ತಲೆಗೆ ಗೇರೇ ಇಲ್ಲ" ಅಂದ ಅವನು. ಬಣ್ಣದವನು ಬ್ರಷ್ ಹಿಡಿದು ಇಬ್ಬರ ಮುಖವನ್ನೂ ನೋಡಿ ನೋಡಿ ಸುಸ್ತಾಗಿ, ಮಧ್ಯದ ತಿರುವಿನ ತನಕ ಹಸಿರು, ಅಲ್ಲಿಂದ ಮೇಲೆ ಹಳದಿ ಬಳಿದು ಹೋಗಿಬಿಟ್ಟ. ತಿರುವಿನಲ್ಲಿ ಎರಡು ಬಣ್ಣ ಕೂಡುವ ಕಡೆ ಒಂದು ಗೆರೆ ಬಿತ್ತು. ಆ ಗೆರೆಯನ್ನು ಅಣ್ಣ ದಾಟಿ ಮೇಲೆ ಬರಲಿಲ್ಲ. ಪವರಯ್ಯ ಅಂಗಡಿಗೆ ಹೋಗಲು ದಿನಾ ಕೆಳಗಿಳಿಯಲೇಬೇಕಲ್ಲ, ಹಸಿರು ಗೋಡೆಯ ಕಡೆ ನೋಡದೆ ಇಳಿಯುತ್ತಿದ್ದ.

ಹೆಂಗಸರಿಬ್ಬರಿಗೆ ಈ ರಾಜಕೀಯದಲ್ಲಿ ಆಸಕ್ತಿ ಇರಲಿಲ್ಲ. ಇಬ್ಬರೂ ಸೇರಿ ಒಂದೇ ವೈಫೈ ಹಾಕಿಸಿ, ಪೆಟ್ಟಿಗೆಯನ್ನು ಸರಿಯಾಗಿ ಆ ಗೆರೆಯ ಮೇಲೇ ಜಡಿಸಿದರು. ಯಾರಿಗೂ ಪಕ್ಷಪಾತ ಅನ್ನಿಸಬಾರದು ನೋಡಿ. ಗೋಡೆಗಳು ದಪ್ಪ. ಸಿಗ್ನಲ್ಲು ಕೆಳಗಿನ ಹಾಲಿಗೂ ತಲುಪಲಿಲ್ಲ, ಮೇಲಿನ ಕೋಣೆಗೂ ಏರಲಿಲ್ಲ. ಅದು ಧಾರಾಳವಾಗಿ ಸಿಗುತ್ತಿದ್ದದ್ದು ಮೆಟ್ಟಿಲ ಮೇಲೆ ಮಾತ್ರ.

ಹೀಗಾಗಿ ದಿನಾ ಸಂಜೆ ಅಣ್ಣ ಹಳೇ ಕಾರಿನ ಸೀಟಿನಿಂದ ಕಿತ್ತ ದಿಂಬೊಂದನ್ನು ಹಸಿರು ಮೆಟ್ಟಿಲ ಮೇಲೆ ಹಾಕಿ ಕೂರುತ್ತಿದ್ದ. ದಿಂಬು ಅಲ್ಲೇ ಬಿದ್ದಿರುತ್ತಿತ್ತು, ಅವನ ಆಕಾರಕ್ಕೆ ತಗ್ಗಿಹೋಗಿತ್ತು. ಪವರಯ್ಯ ಹಳದಿ ಮೆಟ್ಟಿಲ ಮೇಲೆ. ಇಬ್ಬರ ಕೈಯಲ್ಲೂ ಫೋನು. ಮಧ್ಯೆ ಪಿಳಿಪಿಳಿ ಕಣ್ಣು ಬಿಡುವ ಪೆಟ್ಟಿಗೆ. ಮಾತೆಲ್ಲ ಆ ಪೆಟ್ಟಿಗೆಯ ಜೊತೆ.

"ನಾಳೆ ನೀರು ಬರಲ್ವಂತೆ. ಟ್ಯಾಂಕ್ ತುಂಬಿಸ್ಕೊಳ್ಳೋರು ತುಂಬಿಸ್ಕೊಳ್ಳಲಿ" ಅನ್ನುತ್ತಿದ್ದ ಅಣ್ಣ, ಪೆಟ್ಟಿಗೆ ನೋಡಿಕೊಂಡು.

"ತುಂಬಿಸಿದ್ದಾಯ್ತು. ಗೇಟಿನ ಚಿಲಕ ಹಾಕೋದು ಯಾರೋ ಮರೆತಿದ್ದಾರೆ" ಅನ್ನುತ್ತಿದ್ದ ಪವರಯ್ಯ, ಅದೇ ಪೆಟ್ಟಿಗೆಗೆ.

"ಹಾಕ್ತಾರೆ. ಗಂಟೇನೂ ಹೋಗಲ್ಲ."

ಒಮ್ಮೆ ಪವರಯ್ಯ ಜ್ವರ ಬಂದು ಮಲಗಿದಾಗ ಅಣ್ಣ ಪೆಟ್ಟಿಗೆಯನ್ನು "ಇವತ್ತು ಮೇಲಿನ ಮೆಟ್ಟಿಲು ಖಾಲಿ ಇದೆಯಲ್ಲ" ಅಂತ ವಿಚಾರಿಸಿದನಂತೆ. ಸ್ವಲ್ಪ ಹೊತ್ತಿಗೆಲ್ಲ ಅತ್ತಿಗೆ ಜ್ವರದ ಮಾತ್ರೆ ಹಿಡಿದು ಮೇಲೆ ಬಂದಿದ್ದಳು. ಮಾತು ಬಿಟ್ಟ ಅಣ್ಣತಮ್ಮಂದಿರು ಇಷ್ಟು ಮಾತಾಡುವುದನ್ನು ಆ ಬೀದಿ ಬೇರೆಲ್ಲೂ ಕಂಡಿರಲಿಲ್ಲ.

ಈ ನಡುವೆ ಪವರಯ್ಯ ಒಂದು ಸಂಗತಿ ಗಮನಿಸಿದ. ಅಣ್ಣನ ಕೈ ಉದ್ದವಾಗುತ್ತಿತ್ತು. ಮೊದಮೊದಲು ಫೋನು ಎದೆಯ ಹತ್ತಿರ ಇರುತ್ತಿತ್ತು, ಆಮೇಲೆ ಮಂಡಿಯ ಹತ್ತಿರ ಹೋಯಿತು, ಈಗೀಗ ಕೈಯನ್ನು ಪೂರ್ತಿ ಚಾಚಿ, ಕತ್ತನ್ನು ಹಿಂದಕ್ಕೆಳೆದು, ಫೋನು ಕಚ್ಚಲು ಬರುತ್ತಿದೆ ಅನ್ನುವ ಹಾಗೆ ಓದುತ್ತಿದ್ದ. ಊರಿಗೆಲ್ಲ ಕಣ್ಣು ಕೊಡುವವನಿಗೆ ಇದನ್ನು ನೋಡಿ ಸುಮ್ಮನಿರಲು ಆಗುತ್ತದೆಯೇ? ಕೈಯ ಅಳತೆಯನ್ನು ಕಣ್ಣಲ್ಲೇ ಹಿಡಿದು, ಪವರ್ ಲೆಕ್ಕ ಹಾಕಿ, ಅಣ್ಣನ ಅಗಲ ಮುಖಕ್ಕೆ ಒಪ್ಪುವ ಫ್ರೇಮು ಆರಿಸಿ, ಗಾಜನ್ನು ತಾನೇ ಕೂತು ಉಜ್ಜಿ ಓದುವ ಕನ್ನಡಕ ಮಾಡಿದ. ಅದನ್ನು ಪೆಟ್ಟಿಗೆಯ ತಲೆಯ ಮೇಲಿಟ್ಟು "ಯಾರೋ ಇದನ್ನ ಇಲ್ಲಿ ಮರೆತು ಹೋಗಿದ್ದಾರೆ" ಅಂದರೆ ಮುಗಿಯಿತು. ದಿನಾ ಸಂಜೆ ಕಂದು ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡು ಮೆಟ್ಟಿಲಿಗೆ ಬರುತ್ತಿದ್ದ. ದಿನಾ ಸಂಜೆ 'ನಾಳೆ ಕೊಟ್ಟರಾಯ್ತು' ಅಂದುಕೊಂಡು ಎದ್ದು ಹೋಗುತ್ತಿದ್ದ. ಅಣ್ಣ ಬೇಡ ಅಂದುಬಿಟ್ಟರೆ? ಆ ಭಯ ಅವನಿಗೆ.

ಇಂಥ ಹೊತ್ತಿನಲ್ಲಿ ಷಡ್ಡಕ ವಕ್ಕರಿಸಿದ. ಹೆಂಡತಿಯ ತಂಗಿಯ ಗಂಡ, ಸೋಫಾ ಅಂಗಡಿಯ ಮ್ಯಾನೇಜರು. ಮೆತ್ತನೆಯ ಜಾಗ ಬಿಟ್ಟು ಬೇರೆ ಕಡೆ ಕೂತವರನ್ನು ಕಂಡರೆ ಅವನಿಗೆ ಕನಿಕರ. ಗೇಟು ದಾಟಿ ಒಳಗೆ ಬಂದವನೇ ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟ.

"ಇದೇನಪ್ಪಾ, ಮೂರಂತಸ್ತಿನ ಮನೆ ಇಟ್ಕೊಂಡು ಬಸ್‌ಸ್ಟ್ಯಾಂಡಲ್ಲಿ ಕೂತ ಹಾಗೆ ಕೂತಿದ್ದೀರಿ!"

ಅಣ್ಣ ಎದ್ದು ಒಳಗೆ ಹೋದ. ಪವರಯ್ಯನ ಕಿವಿ ಕೆಂಪಾಯಿತು.

"ನಮ್ಮನೇಲಿ ಬಚ್ಚಲಮನೇಲೂ ಫುಲ್ ಸಿಗ್ನಲ್. ಸ್ನಾನ ಮಾಡ್ತಾನೇ ಆಫೀಸ್ ಮೀಟಿಂಗ್ ಮುಗಿಸ್ತೀನಿ" ಅಂದ ಷಡ್ಡಕ.

"ಕ್ಯಾಮೆರಾ ಆಫ್ ಮಾಡಿರ್ತೀರಾ ತಾನೇ?" ಮೇಲಿನಿಂದ ಹೆಂಡತಿ ಕೇಳಿದಳು.

ಆ ಮಾತಿಗೆ ನಕ್ಕು ಸುಮ್ಮನಾಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು, ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಪವರಯ್ಯನಿಗೆ ಅಭಿಮಾನ ಕೆರಳಿತು. "ಮುಂದಿನ ಸಲ ನೀವು ಬರೋ ಹೊತ್ತಿಗೆ ನಮ್ಮ ನೀರಿನ ಟ್ಯಾಂಕಿನೊಳಗೂ ಸಿಗ್ನಲ್ ಇರುತ್ತೆ. ಮುಳುಗಿ ನೋಡಬಹುದು" ಅಂದುಬಿಟ್ಟ.

ರಜೆಯ ದಿನ ಕಾರ್ಯಾಚರಣೆ ಶುರುವಾಯಿತು. ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಿ, ಉದ್ದನೆಯ ವೈರು ಸೇರಿಸಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಮನೆಯೆಲ್ಲ ಸುತ್ತಿದ. ಮಗಳನ್ನು ಮೇಲೆ, ಹೆಂಡತಿಯನ್ನು ಅಡುಗೆಮನೆಯಲ್ಲಿ, ಹೆಂಡತಿಯ ಶಿಫಾರಸಿನ ಮೇಲೆ ಅತ್ತಿಗೆಯನ್ನು ಕೆಳಗೆ ನಿಲ್ಲಿಸಿದ.

"ಮೊದಲನೇದು ಚೆನ್ನಾಗಿತ್ತಾ, ಇದಾ?" ಅಂತ ಕಿಟಕಿಯ ಮೇಲಿಟ್ಟು ಕೂಗಿದ.

"ಬಂತು! ಹೋಯ್ತು! ಅಪ್ಪಾ, ಉಸಿರಾಡಬೇಡ, ನೀನು ಅಲ್ಲಾಡಿದ್ರೆ ಹೋಗುತ್ತೆ!" ಮಗಳು ಮೇಲಿಂದ.

"ಇಲ್ಲಿ ಫೋನಲ್ಲಿ ಹಾಡೋಳು ಬಾಯಿ ತೆಕ್ಕೊಂಡು ನಿಂತೇಬಿಟ್ಟಿದ್ದಾಳೆ, ಪಾಪ, ಮುಚ್ಚಕ್ಕೇ ಆಗ್ತಿಲ್ಲ!" ಅತ್ತಿಗೆ ಕೆಳಗಿಂದ.

"ನನಗೆ ಮಾತ್ರ ಏನೂ ಕಾಣ್ತಿಲ್ಲ. ಒಲೆ ಮೇಲಿಟ್ಟಿದ್ದು ಸೀದು ಹೋಗಿದ್ದು ಚೆನ್ನಾಗಿ ಕಾಣ್ತಿದೆ" ಹೆಂಡತಿ ಮಧ್ಯದಿಂದ.

ಕೊನೆಗೆ ಪೆಟ್ಟಿಗೆ ಟೆರೇಸಿಗೆ ಏರಿತು. ನೆಲ ಒರೆಸುವ ಕೋಲನ್ನು ಕಂಬ ಮಾಡಿ, ತರಕಾರಿ ತೊಳೆಯುವ ತೂತು ಬೋಗುಣಿಯನ್ನು ಪೆಟ್ಟಿಗೆಯ ಬೆನ್ನಿಗೆ ಕವುಚಿ, ತಂತಿ ಬಿಗಿದು ನಿಲ್ಲಿಸಿದ. ಮಗಳಿಗೆ ಸಿಗ್ನಲ್ಲು ಭರ್ತಿ ಬಂತು. ಬಿಸಿಲಿಗೆ ಬೋಗುಣಿ ಥಳಥಳ ಹೊಳೆಯಿತು. ಎದುರುಮನೆಯ ಹಲ್ಲಿನ ಡಾಕ್ಟರ ಕಣ್ಣಿಗೆ ಬಿದ್ದದ್ದು ಈ ಥಳಥಳ.

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು, ಪವರಯ್ಯ ಯಾವುದೋ ಕಂಪನಿಯ ಜೊತೆ ಒಳಗೊಳಗೇ ಮಾತಾಡಿಕೊಂಡು ಮನೆಯ ಮೇಲೆ ಮೊಬೈಲ್ ಟವರು ಹಾಕಿಸಿದ್ದಾನೆ ಅಂತ. ಒಬ್ಬರಿಗೆ ತಲೆ ಸುತ್ತಿತು. ಪಕ್ಕದ ಮನೆಯಾಕೆಯ ಒಣಹಾಕಿದ ಬಟ್ಟೆ ಎಂದಿಗಿಂತ ಬೇಗ ಒಣಗಿತು, ಅದೂ ಅನುಮಾನಕ್ಕೆ ಕಾರಣವಾಯಿತು.

"ನನ್ನ ಪೇಷಂಟ್‌ಗಳ ಹಲ್ಲು ಜುಮ್ ಅಂತಿದೆ ರೀ!" ಹಲ್ಲಿನ ಡಾಕ್ಟರು ಗೇಟಿನ ಹತ್ತಿರ ಕೂಗಾಡಿದರು.

"ಜುಮ್ ಅಂದ್ರೇ ತಾನೇ ಸಾರ್ ನಿಮ್ಮ ಹತ್ರ ಬರೋದು?" ಪವರಯ್ಯ ಮುಗ್ಧವಾಗಿ ಕೇಳಿದ.

ಡಾಕ್ಟರು ಆ ಕ್ಷಣವೇ ಊರಾಡಳಿತದ ಕಚೇರಿಗೆ ಫೋನ್ ಮಾಡಿದರು. ಮರುದಿನ ಬೆಳಗ್ಗೆ ಇನ್‌ಸ್ಪೆಕ್ಟರು ಬಂದೇ ಬಂದರು. ಏದುಸಿರು ಬಿಡುತ್ತ ಟೆರೇಸಿಗೆ ಹತ್ತಿ, ಕಂಬವನ್ನು ಮೂರು ಸುತ್ತು ಬಂದರು.

"ಏನ್ರೀ ಇದು?"

"ಬೋಗುಣಿ ಸಾರ್."

"ಬೋಗುಣಿಗೆ ಪರ್ಮಿಷನ್ ಇದೆಯಾ?"

"ತರಕಾರಿ ತೊಳೆಯೋಕೆ ಯಾರೂ ಕೇಳ್ಲಿಲ್ಲ ಸಾರ್..."

"ಗೋಪುರದ ಆಕಾರದ ಯಾವುದೇ ರಚನೆ ಗೋಪುರವೇ. ನೋಟಿಸ್ ಕೊಡಬೇಕಾಗುತ್ತೆ."

ಗೇಟಿನ ಹತ್ತಿರ ಇಳಿದು ಬರುವ ಹೊತ್ತಿಗೆ ಅರ್ಧ ಬೀದಿ ಸೇರಿತ್ತು. ಡಾಕ್ಟರು ದವಡೆ ಹಿಡಿದುಕೊಂಡ ಇಬ್ಬರು ಸಾಕ್ಷಿಗಳನ್ನೂ ಕರೆತಂದಿದ್ದರು. ಅಣ್ಣ ಪಕ್ಕದಲ್ಲೇ ಡ್ರೈವಿಂಗ್ ಸ್ಕೂಲಿನ ಕಾರು ತೊಳೆಯುತ್ತಿದ್ದ. ಒದ್ದೆ ಬಟ್ಟೆಯನ್ನು ಬಕೆಟ್ಟಿಗೆಸೆದು ನೇರ ಇನ್‌ಸ್ಪೆಕ್ಟರ ಮುಂದೆ ಬಂದು ನಿಂತ.

"ಸಾರ್, ಇವನು ನನ್ನ ತಮ್ಮ. ಸೈಕಲ್ಲಿಗೆ ಗಾಳಿ ತುಂಬಕ್ಕೂ ನನ್ನನ್ನ ಕರೀತಿದ್ದೋನು. ಟವರ್ ಹಾಕ್ಸೋ ಮುಖನಾ ಇದು? ಸರಿಯಾಗಿ ನೋಡಿ ಹೇಳಿ."

ಇನ್‌ಸ್ಪೆಕ್ಟರು ಪವರಯ್ಯನ ಮುಖವನ್ನು ಸರಿಯಾಗಿ ನೋಡಿದರು. ಎಡದಿಂದ ನೋಡಿದರು, ಬಲದಿಂದ ನೋಡಿದರು.

"ಅಲ್ಲ" ಅಂದರು.

"ಅಷ್ಟೇ ಮತ್ತೆ. ಪೆದ್ದನಿಗೆ ನೋಟಿಸ್ ಕೊಟ್ಟು ಏನ್ಮಾಡ್ತೀರಿ? ಬೋಗುಣಿ ಇಳಿಸ್ತಾನೆ. ಹೊರಡಿ."

ಜನ ನಗುತ್ತ ಚದುರಿದರು. ಡಾಕ್ಟರ ಸಾಕ್ಷಿಗಳೂ ದವಡೆ ಬಿಟ್ಟು ನಕ್ಕರು. ಪವರಯ್ಯನಿಗೆ 'ಪೆದ್ದ' ಅನ್ನುವುದು ಕೇಳಿಸಲೇ ಇಲ್ಲ. ಬೀದಿಯ ಎದುರಿಗೆ 'ನನ್ನ ತಮ್ಮ' ಅಂದದ್ದು ಮಾತ್ರ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಕಣ್ಣು ಮಂಜಾಯಿತು. ಕೈ ಜೇಬಿಗೆ ಹೋಗಿ ಕನ್ನಡಕದ ಡಬ್ಬಿಯನ್ನು ಹಿಡಿಯಿತು. 'ಅಣ್ಣಾ' ಅಂತ ಒಂದು ಸಲ ಕರೆದಿದ್ದರೆ ಸಾಕಿತ್ತು. ಕೈ ಡಬ್ಬಿಯ ಮೇಲೇ ಉಳಿಯಿತು. ಅಣ್ಣ ಒಂದು ಗಳಿಗೆ ನಿಂತ, ನಿಂತದ್ದು ಯಾಕೆ ಅಂತ ಪವರಯ್ಯನಿಗೆ ಹೊಳೆಯಲಿಲ್ಲ, ಆಮೇಲೆ ಬಕೆಟ್ಟಿಗೆ ಕೈ ಹಾಕಿ ಗಾಜು ಒರೆಸತೊಡಗಿದ.

ಬಡ್ಡೀಮಗಂದು ಬುದ್ಧಿ, ಬೇಕಾದಾಗ ಬರಲ್ಲ, ಬೇಡದಾಗ ಓಡಿ ಬರುತ್ತೆ. ಅವತ್ತು ರಾತ್ರಿ ಊಟ ಮಾಡುತ್ತ ಪವರಯ್ಯನಿಗೆ ಅನ್ನಿಸಿತು: ಇಷ್ಟು ದೊಡ್ಡ ಉಪಕಾರಕ್ಕೆ ಒಂದು ಕನ್ನಡಕ ಯಾವ ಲೆಕ್ಕ? ಅಣ್ಣ ಮಂಡಿ ನೋಯಿಸಿಕೊಂಡು ಕಲ್ಲು ಮೆಟ್ಟಿಲ ಮೇಲೆ ಕೂರುವುದು ತಪ್ಪಬೇಕು. ಅವನ ಹಾಲಿನಲ್ಲೇ, ಅವನ ಕುರ್ಚಿಯಲ್ಲೇ ಅವನಿಗೆ ಭರ್ತಿ ಸಿಗ್ನಲ್ಲು ಸಿಗಬೇಕು.

ಈ ಸಲ ಬೋಗುಣಿ ಇಲ್ಲ, ಸರಿಯಾದ ಮೆಕ್ಯಾನಿಕ್ಕನನ್ನೇ ಕರೆಸಿದ. ಅವನು ಅಂತಸ್ತಿಗೊಂದರಂತೆ ಹೊಸ ಬಿಳಿ ಪೆಟ್ಟಿಗೆಗಳನ್ನು ತಂದ.

"ಇವು ಒಂದಕ್ಕೊಂದು ಕೈ ಹಿಡ್ಕೊಂಡೇ ಇರ್ತವೆ ಸಾರ್. ಗೋಡೆ ಅಡ್ಡ ಬಂದ್ರೂ ಬಿಡಲ್ಲ" ಅಂದ.

"ಅಣ್ಣತಮ್ಮಂದಿರ ಹಾಗೆ" ಅಂದ ಪವರಯ್ಯ. ಹೆಂಡತಿ ಗಂಡನ ಮುಖವನ್ನೊಮ್ಮೆ, ಗೋಡೆಯ ಗೆರೆಯನ್ನೊಮ್ಮೆ ನೋಡಿ ಒಳಗೆ ಹೋದಳು.

ಟೆರೇಸಿನಿಂದ ಇಳಿದು ಮತ್ತೆ ತಿರುವಿಗೆ ಬಂದಿದ್ದ ಹಳೇ ಪೆಟ್ಟಿಗೆ ಇನ್ನು ಬೇಕಿರಲಿಲ್ಲ, ಅದನ್ನು ತೆಗೆಸಿದ. ಗೋಡೆಯಲ್ಲಿ ಮೊಳೆಯ ತೂತುಗಳು ಉಳಿದವು. ಕೆಳಗಿನ ಪೆಟ್ಟಿಗೆಯನ್ನು ಕೊಟ್ಟು ಕಳಿಸುವಾಗ ಹಸಿರು ಮೆಟ್ಟಿಲ ಮೇಲಿನ ದಿಂಬು ಕಣ್ಣಿಗೆ ಬಿತ್ತು. ಪಾಪ, ಧೂಳು ತಿಂದಿದೆ ಅಂತ ಅದನ್ನೂ ಚೆನ್ನಾಗಿ ಕೊಡವಿ, ತಗ್ಗಾದ ಜಾಗವನ್ನು ತಟ್ಟಿ ಉಬ್ಬಿಸಿ, ಮೆಕ್ಯಾನಿಕ್ಕನ ಕಂಕುಳಿಗೆ ಸಿಕ್ಕಿಸಿದ.

"ಮೇಲಿನವರು ಕಳ್ಸಿದ್ದು ಅನ್ನಿ. ಇನ್ಮೇಲೆ ಮೆಟ್ಟಿಲ ಮೇಲೆ ಕೂರೋ ಕಷ್ಟ ಇಲ್ಲ ಅಂತ ಹೇಳಿ."

ಮೆಕ್ಯಾನಿಕ್ಕ ಒಂದಕ್ಷರ ಆಚೀಚೆ ಮಾಡದೆ ಹಾಗೆಯೇ ಹೇಳಿದ. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಕೊಡವಿದ ದಿಂಬು. ಅಣ್ಣ ಬಾಗಿಲಲ್ಲಿ ನಿಂತು ಎರಡನ್ನೂ ತೆಗೆದುಕೊಂಡು, ಸರಿ ಅಂದನಂತೆ. ಅಷ್ಟೇ ಅಂದದ್ದು.

ಅವತ್ತಿನಿಂದ ಆ ಮನೆಯಲ್ಲಿ ಸಿಗ್ನಲ್ಲಿನ ಸುಭಿಕ್ಷ. ಹೆಂಡತಿ ಅಡುಗೆಮನೆಯಿಂದಲೇ "ಊಟ ರೆಡಿ" ಅಂತ ಮೆಸೇಜ್ ಹಾಕತೊಡಗಿದಳು. ಮಗಳು ಮೇಲಿನಿಂದ ಹೆಬ್ಬೆರಳಿನ ಚಿತ್ರ ಕಳಿಸತೊಡಗಿದಳು. ಅತ್ತಿಗೆಯ ಮಾತೂ ಹೆಂಡತಿಯ ಫೋನಿಗೇ ಬರತೊಡಗಿತು. ಮೊದಲು ನೆಟ್ ಹೋದಾಗೆಲ್ಲ ಎಲ್ಲರೂ ಒಟ್ಟಿಗೆ "ಅಯ್ಯೋ!" ಅಂತ ಕೂಗಿ ಮೆಟ್ಟಿಲಿಗೆ ಓಡಿ ಬರುತ್ತಿದ್ದರು. ಈಗ ಅದು ಹೋಗುತ್ತಲೇ ಇರಲಿಲ್ಲ, ದರಿದ್ರದ್ದು.

ಪವರಯ್ಯ ಸಂಜೆ ಅಭ್ಯಾಸಬಲದಿಂದ ಹಳದಿ ಮೆಟ್ಟಿಲ ಮೇಲೆ ಬಂದು ಕೂತ. ಕೆಳಗೆ ಬಾಗಿಲು ಮುಚ್ಚಿತ್ತು. ಹೊಸತರಲ್ಲಿ ನೆಟ್ ನೋಡುತ್ತಿರಬೇಕು, ನಾಳೆ ಬರುತ್ತಾನೆ ಅಂದುಕೊಂಡ. ನಾಳೆಯೂ ಮುಚ್ಚಿತ್ತು. "ಗೇಟಿನ ಚಿಲಕ ಯಾರೋ ಹಾಕಿಲ್ಲ" ಅಂತ ಮೊಳೆಯ ತೂತುಗಳಿಗೆ ಗಟ್ಟಿಯಾಗಿ ಹೇಳಿ ನೋಡಿದ. ತೂತುಗಳು ಏನು ಹೇಳಿಯಾವು? ಆಮೇಲೆ ತಾನೇ ಹೋಗಿ ನೋಡಿದರೆ ಚಿಲಕ ಹಾಕಿಯೇ ಇತ್ತು.

ಷಡ್ಡಕ ಬಂದ. ಫೋನ್ ಹಿಡಿದು ಮೂಲೆ ಮೂಲೆ ತಿರುಗಿದ, ಬಚ್ಚಲಮನೆಯಲ್ಲಿ ನಿಂತು ನೋಡಿದ, ಟ್ಯಾಂಕಿನ ಮುಚ್ಚಳ ತೆಗೆದು ಕೈಯನ್ನೂ ಇಳಿಬಿಟ್ಟ. "ಫುಲ್ಲು! ಸೋತೆ ಮಾರಾಯ" ಅಂದ. ಪವರಯ್ಯ ಈ ಮಾತಿಗಾಗಿ ಎಷ್ಟು ಕಾದಿದ್ದ! ಈಗ ಅದು ಬಂದರೆ ಬಾಯಿಗೆ ರುಚಿಯೇ ಹತ್ತಲಿಲ್ಲ.

"ಎಲ್ಲಿ, ನಿಮ್ಮಣ್ಣ ಕಾಣಿಸ್ಲೇ ಇಲ್ಲ?" ಅಂತ ಷಡ್ಡಕ ಇಳಿಯುವಾಗ ಕೇಳಿದ. "ಕೆಳಗಿದ್ದಾನೆ" ಅಂದ ಪವರಯ್ಯ. ಅದು ನಿಜವೋ ಸುಳ್ಳೋ ಅವನಿಗೇ ಗೊತ್ತಿರಲಿಲ್ಲ.

ವಿಷಯ ತಿಳಿದದ್ದು ಟೆರೇಸಿನಲ್ಲಿ. ಅತ್ತಿಗೆ ಬಟ್ಟೆ ಒಣಹಾಕಲು ಬಂದವಳು ಹೆಂಡತಿಯ ಹತ್ತಿರ ಹೇಳುತ್ತಿದ್ದಳು, ಪವರಯ್ಯ ಟ್ಯಾಂಕಿನ ಮುಚ್ಚಳ ಸರಿಮಾಡುತ್ತ ಹಿಂದೆ ನಿಂತಿದ್ದ.

"ಆ ಪೆಟ್ಟಿಗೆ ಇನ್ನೂ ಡಬ್ಬದಲ್ಲೇ ಇದೆ ಕಣೇ. ಹಾಕಕ್ಕೇ ಬಿಡಲ್ಲ. 'ಮೆಟ್ಟಿಲು ಖಾಲಿ ಮಾಡು ಅಂತ ದಿಂಬಿನ ಸಮೇತ ಕೊಟ್ಟು ಕಳ್ಸಿದ್ದಾನೆ, ಇನ್ನು ಅವನ ನೆಟ್ಟು ಬೇರೆ ಬೇಕಾ' ಅಂತಾರೆ. 'ಬೀದಿ ಮುಂದೆ ಪೆದ್ದ ಅಂದೆನಲ್ಲ, ಅದಕ್ಕೆ ಸೇಡು' ಅಂತಾರೆ. ಸಂಜೆ ಆದ್ರೆ ಕಾರಲ್ಲಿ ಹೋಗಿ ಕೂತ್ಕೋತಾರೆ."

ಪವರಯ್ಯನ ಕೈಯಿಂದ ಮುಚ್ಚಳ ದಢಾರ್ ಅಂತ ಬಿತ್ತು. ಅಯ್ಯೋ ಅಯ್ಯೋ, ನಾನು ಹೇಳಿದ್ದೇನು, ಅವನಿಗೆ ತಿಳಿದದ್ದೇನು! ಸೇಡಂತೆ! ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದ. ಗೆರೆ ಯಾವಾಗ ದಾಟಿದ ಅನ್ನುವುದೂ ಗೊತ್ತಾಗಲಿಲ್ಲ.

ಕಾರು ಗೇಟಿನ ಹೊರಗೆ ನಿಂತಿತ್ತು. ಅಣ್ಣ ಕಲಿಸುವವರ ಸೀಟಿನಲ್ಲಿ, ಆ ದಿಂಬಿನ ಮೇಲೆ ಕೂತಿದ್ದ. ಪವರಯ್ಯ ಬಾಗಿಲು ತೆಗೆದು ಕಲಿಯುವವರ ಸೀಟಿನಲ್ಲಿ ಕೂತ. ಕೂತು ಪಕ್ಕಕ್ಕೆ ತಿರುಗಿ ನೋಡಿದ. ಅಣ್ಣನ ಮೂಗಿನ ಮೇಲೆ ಕನ್ನಡಕ. ಫುಟ್‌ಪಾತಿನಲ್ಲಿ ರಾಶಿ ಹಾಕಿ ಮಾರುವಂಥದ್ದು. ಒಂದು ಕಡೆ ಸೊಟ್ಟ, ಪವರು ಹೆಚ್ಚು. ದಿನಾ ಹಾಕಿದರೆ ತಲೆನೋವು ಖಂಡಿತ. ಊರಿಗೆಲ್ಲ ಕನ್ನಡಕ ಕೊಟ್ಟವನ ಒಡಹುಟ್ಟಿದವನು ಫುಟ್‌ಪಾತಿನ ಕನ್ನಡಕ ಹಾಕಿದ್ದ.

"ಯಾರೋ ಬಾಗಿಲು ಜೋರಾಗಿ ಹಾಕಿದ್ರು" ಅಂದ ಅಣ್ಣ, ಮುಂದಿನ ಗಾಜಿಗೆ.

"ಯಾರೂ ಯಾರನ್ನೂ ಮೆಟ್ಟಿಲಿಂದ ಏಳಿಸಲಿಲ್ಲ" ಅಂದ ಪವರಯ್ಯ, ಸ್ಟೇರಿಂಗಿಗೆ.

"ದಿಂಬು ಅದರಷ್ಟಕ್ಕೆ ನಡ್ಕೊಂಡು ಬಂತೇನೋ."

"ಧೂಳಾಗಿತ್ತು ಅಂತ..."

"ಧೂಳು!" ಅಂದ ಅಣ್ಣ.

ಮಾತು ನಿಂತಿತು. ಡ್ರೈವಿಂಗ್ ಸ್ಕೂಲಿನ ಕಾರಿಗೆ ಬ್ರೇಕು ಇಬ್ಬರ ಕಾಲ ಕೆಳಗೂ ಇರುತ್ತದೆ. ಇಬ್ಬರೂ ಅದನ್ನು ಒತ್ತಿ ಹಿಡಿದೇ ಕೂತಿದ್ದರು. ಕೇಳಬೇಕಾದ್ದು ನೂರಿತ್ತು. ಪವರಯ್ಯನ ಬಾಯಿಗೆ ಬಂದದ್ದು ಇಷ್ಟೇ:

"ಇಲ್ಲಿ ಸಿಗ್ನಲ್ ಹೇಗಿದೆ?"

ಅಣ್ಣ ಫೋನನ್ನು ತಿರುಗಿಸಿ ತೋರಿಸಿದ. ಮೆಕ್ಯಾನಿಕ್ಕನ ಕೆಲಸ ಅಷ್ಟು ಚೊಕ್ಕಟವಾಗಿತ್ತು. ಅಣ್ಣನ ಮನೆಯೊಳಗಿನ ಪೆಟ್ಟಿಗೆ ಹಚ್ಚದಿದ್ದರೂ, ಮಧ್ಯದ ಅಂತಸ್ತಿನದು ಗೋಡೆ ದಾಟಿ, ಗೇಟು ದಾಟಿ, ಕಾರಿನೊಳಗೂ ಭರ್ತಿ ಬರುತ್ತಿತ್ತು. ಸಿಗ್ನಲ್ ಇಲ್ಲ ಅನ್ನುವ ನೆಪದಲ್ಲಾದರೂ ಅಣ್ಣ ಮೆಟ್ಟಿಲಿಗೆ ಬರುವ ಹಾಗಿರಲಿಲ್ಲ.

ಪವರಯ್ಯ ಜೇಬಿನಿಂದ ಕಂದು ಡಬ್ಬಿ ತೆಗೆದು ಇಬ್ಬರ ಮಧ್ಯೆ ಇಟ್ಟ. ಯಾರೋ ಮರೆತು ಹೋಗಿದ್ದಾರೆ ಅನ್ನುವ ಮಾತು ಅಷ್ಟು ದಿನ ಬಾಯಿಪಾಠ ಮಾಡಿದ್ದು, ಹೊರಗೆ ಬರಲಿಲ್ಲ. ಅಣ್ಣ ಡಬ್ಬಿ ತೆಗೆದ. ಸೊಟ್ಟ ಕನ್ನಡಕ ಕಳಚಿ ಇದನ್ನು ಏರಿಸಿ ಫೋನ್ ನೋಡಿದ. ಚಾಚಿದ್ದ ಕೈ ತಾನಾಗಿ ಮಡಚಿ ಎದೆಯ ಹತ್ತಿರಕ್ಕೆ ಬಂತು. ಪವರಯ್ಯ ಅದನ್ನೇ ನೋಡುತ್ತಿದ್ದ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಮೊದಲನೇದು ಚೆನ್ನಾಗಿದೆಯಾ, ಎರಡನೇದಾ?" ನಾಲಿಗೆ ಕೇಳಿಬಿಟ್ಟಿತು.

ಅಣ್ಣ ಹೊಸ ಕನ್ನಡಕವನ್ನು ಕಳಚಿದ. ಆಮೇಲೆ ಗಾಜಿಗೆ ಹೇಳಿದ, ಹಾರನ್ನಿನ ಗಂಟಲು ಅವತ್ತು ಸಣ್ಣದಾಗಿತ್ತು: "ಇದನ್ನ ಮೆಟ್ಟಿಲ ಮೇಲೆ ಕೂತಿದ್ದಾಗ ಕೊಟ್ಟಿದ್ರೆ ಆಗ್ತಿತ್ತು."

ಕನ್ನಡಕವನ್ನು ಮಡಚಿ, ಡಬ್ಬಿಗೆ ಹಾಕಿ, ಡಬ್ಬಿಯನ್ನು ಡ್ಯಾಶ್‌ಬೋರ್ಡಿನ ಖಾನೆಯೊಳಗಿಟ್ಟು ಮುಚ್ಚಿದ. ಇಟ್ಟುಕೊಂಡದ್ದೋ, ಬಚ್ಚಿಟ್ಟದ್ದೋ ಪವರಯ್ಯನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಕಲಿಯಲು ಬರುವ ಹೆಂಗಸೊಬ್ಬಳು ಕಾರಿನ ಪಕ್ಕ ಬಂದು ನಿಂತು ಗಾಜು ತಟ್ಟಿದಳು. ಅಣ್ಣ ಸೊಟ್ಟ ಕನ್ನಡಕವನ್ನು ಜೇಬಿಗೆ ತುರುಕಿ, ಪವರಯ್ಯನ ಕಡೆಗೆ ಪೂರ್ತಿ ತಿರುಗಿ, ಅವನ ಮುಖ ನೋಡಿದ.

"ಇಳಿ" ಅಂದ.

ಪವರಯ್ಯ ಇಳಿದ. ಕಾರು ಎರಡು ಸಲ ಕುಲುಕಿ ಮುಂದೆ ಹೋಯಿತು. ಒಳಗಿಂದ ಅಣ್ಣನ "ಬ್ರೇಕು! ಬ್ರೇಕು!" ತಿರುವಿನ ತನಕ ಕೇಳಿಸಿತು.

ಹೆಂಡತಿ ಗೇಟಿನ ಹತ್ತಿರ ಕಾಯುತ್ತಿದ್ದಳು. "ಮಾತಾಡಿದ್ರಾ?"

"ಮಾತಾಡಿದ" ಅಂದ ಪವರಯ್ಯ.

"ಏನಂದ್ರು?"

"ಇಳಿ ಅಂದ."

ಅವಳು ನಗಬೇಕೋ ಅಳಬೇಕೋ ತಿಳಿಯದೆ ನಿಂತಳು. ಪವರಯ್ಯ ಒಳಗೆ ಬಂದು, ಹಸಿರು ಮೆಟ್ಟಿಲ ಮೇಲೆ, ದಿಂಬು ಇರುತ್ತಿದ್ದ ಜಾಗದಲ್ಲಿ ಕೂತ. ಕಲ್ಲು ತಣ್ಣಗಿತ್ತು. ಅವಳೂ ಹಿಂದೆಯೇ ಬಂದಳು.

"ನನ್ನನ್ನೇ ನೋಡ್ಕೊಂಡು ಅಂದ ಕಣೇ" ಅಂದ.